ಅಪ್‌ಡೇಟ್: ಸನ್‌ರೂಫ್ ಕಿರಿಕಿರಿ ಕೊನೆಗೂ ನಿಂತಿತು

ಕಾರು ಹಂಪ್ ಹತ್ತಿ ಇಳಿದಾಗೆಲ್ಲ ತಲೆ ಮೇಲಿನ ಸನ್‌ರೂಫ್ (ಚಾವಣಿಯಲ್ಲಿ ತೆರೆಯುವ ಗಾಜು) ಕಿರ್ ಕಿರ್ ಅನ್ನುತ್ತೆ ಅಂತ ಹೋದ ವಾರ ಕೇಳಿದ್ದೆನಲ್ಲ, ಈಗ ಸದ್ದಿಲ್ಲ.

"ಸನ್‌ರೂಫ್ ಸ್ವಲ್ಪ ಎತ್ತಿಟ್ಟು ಅದೇ ಹಂಪ್ ಮೇಲೆ ಹೋಗಿ ನೋಡಿ" ಅಂದವರಿಗೆ ದೊಡ್ಡ ನಮಸ್ಕಾರ. ಎತ್ತಿಟ್ಟರೆ ಸದ್ದು ಮಾಯ, ಮುಚ್ಚಿದರೆ ಮತ್ತೆ ಶುರು. ಅಂದರೆ ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್‌ದೇ ತಕರಾರು. ಒಣಗಿ, ಬೆರಳಾಡಿಸಿದರೆ ಚರಚರ ಅನ್ನುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಕೆಂಪು ಧೂಳು ಒರೆಸಿ, ಆರಲು ಬಿಟ್ಟು, ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿದೆ. ಅಷ್ಟೇ!

ಅದಕ್ಕೂ ಮೊದಲು ತೆಂಗಿನೆಣ್ಣೆ ಹಚ್ಚಿದ್ದೆ (ಬೈಬೇಡಿ). ಎರಡು ದಿನ ತೆಪ್ಪಗಿತ್ತು, ಆಮೇಲೆ ಧೂಳು ಅಂಟಿಕೊಂಡು ಇನ್ನೂ ಜೋರಾಯ್ತು. ರೂಫ್ ಲೈಟ್ ಬಿಚ್ಚಿ ಫೋಮ್ ತುರುಕಿದ್ದೂ ದಂಡ. ಗ್ಯಾರೇಜಿನವರಂತೂ ಇಡೀ ಸನ್‌ರೂಫ್ ಬದಲಿಸಿ ಅಂದಿದ್ದರು.

ಒರೆಸುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಮುಂದಿನ ಮೂಲೆಯಲ್ಲಿ ಮಳೆನೀರು ಹೋಗುವ ತೂತಿಗೆ ಹೊಂಗೆ ಹೂವು ಮೆತ್ತಿಕೊಂಡು ಗಟ್ಟಿಯಾಗಿತ್ತು. ನಾನು ಗಾಡಿ ನಿಲ್ಲಿಸೋದೇ ಹೊಂಗೆ ಮರದ ಕೆಳಗೆ! ಮೆತ್ತಗಿನ ನೈಲಾನ್ ದಾರ ತೂರಿಸಿ ಬಿಡಿಸಿದೆ. ತೂತಿಗೆ ಪಂಪಿನಿಂದ ಗಾಳಿ ಹೊಡೆಯಬೇಡಿ, ಒಳಗಿನ ಪೈಪ್ ಕಳಚಿಕೊಳ್ಳಬಹುದು. ಆಮೇಲೆ ಅರ್ಧ ಲೋಟ ನೀರು ನಿಧಾನಕ್ಕೆ ಹುಯ್ದೆ, ಮುಂದಿನ ಚಕ್ರದ ಹತ್ತಿರ ತೊಟ್ಟಿಕ್ಕಿತು. ಬಿಟ್ಟಿದ್ದರೆ ಮಳೆಗಾಲದಲ್ಲಿ ಸೀಟಿಗೇ ಇಳಿಯುತ್ತಿತ್ತೇನೋ.