ನೈಟ್ರೋಜನ್ ನಂದಿಸುವ ಸೋಡಿಯಂ ಬೆಳಕನ್ನು ಆರ್ಗಾನ್ ಯಾಕೆ ನಂದಿಸುವುದಿಲ್ಲ?

ಪ್ರಶ್ನೆ:
150 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಸೋಡಿಯಂ ಆವಿಯ ಸೆಲ್‌ಗೆ 589 ನ್ಯಾನೊಮೀಟರ್ ಪಲ್ಸ್ ಲೇಸರ್ ಹಾಯಿಸಿ ಫ್ಲೋರೆಸೆನ್ಸ್ (ಹೀರಿದ ಬೆಳಕನ್ನು ಪರಮಾಣು ಮರಳಿ ಸೂಸುವುದು) ಅಳೆಯುತ್ತಿದ್ದೇವೆ. 50 ಟಾರ್ (ಒತ್ತಡದ ಮಾನ) ಆರ್ಗಾನ್ ತುಂಬಿದರೂ ಬೆಳಕು ಬೇಗ ಆರುವುದಿಲ್ಲ, 10 ಟಾರ್ ನೈಟ್ರೋಜನ್‌ಗೇ ಆರುತ್ತದೆ. ನೈಟ್ರೋಜನ್‌ನ ಏಳನೇ ಕಂಪನ ಮಟ್ಟ ಸೋಡಿಯಂನ 2.1 ಎಲೆಕ್ಟ್ರಾನ್ ವೋಲ್ಟ್‌ಗೆ ಹತ್ತಿರವಿದೆ, ಅದೇ ಕಾರಣವೇ? ಇನ್ನೊಂದು: ಅನಿಲವಿಲ್ಲದಾಗ ಬೆಳಕು ಆರುವ ಸರಾಸರಿ ಸಮಯ, ಅಂದರೆ ಲೈಫ್‌ಟೈಮ್ 40 ನ್ಯಾನೊಸೆಕೆಂಡ್ ಬರುತ್ತಿದೆ. ಅದರ ವಿಲೋಮವನ್ನು ನೈಟ್ರೋಜನ್ ಒತ್ತಡದ ಎದುರು ಗುರುತಿಸಿದರೆ ಸರಳರೇಖೆ ಸಿಗುತ್ತಿಲ್ಲ.

ಉತ್ತರ 1:
ಮಟ್ಟಗಳು ಹೊಂದುವುದು ಇಲ್ಲಿ ಮುಖ್ಯವಲ್ಲ. ಢಿಕ್ಕಿಯ ನಂತರ ನೈಟ್ರೋಜನ್ ಹೆಚ್ಚಾಗಿ ಸಿಗುವುದು ಮೂರು-ನಾಲ್ಕನೇ ಮಟ್ಟದಲ್ಲಿ, ಏಳರಲ್ಲಿ ಅಲ್ಲ. ನಾಲ್ಕನೆಯದು ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್. ಮಿಕ್ಕದ್ದು ಚಲನೆಗೂ ತಿರುಗುವಿಕೆಗೂ ಹೋಗುತ್ತದೆ. ನಡೆಯುವುದು ಇಷ್ಟು: ಉದ್ರಿಕ್ತ (ಬೆಳಕು ಹೀರಿದ) ಸೋಡಿಯಂನ ಎಲೆಕ್ಟ್ರಾನ್ ಸಡಿಲವಾಗಿರುತ್ತದೆ, ಅದನ್ನು ಕೀಳಲು 3 ಎಲೆಕ್ಟ್ರಾನ್ ವೋಲ್ಟ್ ಸಾಕು. ಹತ್ತಿರ ಬಂದಾಗ ಅದು ಕ್ಷಣಕಾಲ ನೈಟ್ರೋಜನ್‌ನತ್ತ ಜಾರುತ್ತದೆ. ಧನ-ಋಣ ಅಯಾನುಗಳ ಆ ಜೋಡಿಯ ಶಕ್ತಿರೇಖೆ ಉದ್ರಿಕ್ತ ಸ್ಥಿತಿಯ ರೇಖೆಯನ್ನೂ ಮೂಲಸ್ಥಿತಿಯ ರೇಖೆಯನ್ನೂ ಕತ್ತರಿಸುವುದರಿಂದ ಕೆಳಗಿಳಿಯಲು ದಾರಿಯಾಗುತ್ತದೆ. ಋಣ ಅಯಾನಿನಲ್ಲಿ ಬಂಧ ಉದ್ದ. ಎಲೆಕ್ಟ್ರಾನ್ ಮರಳಿದಾಗ ಹಿಗ್ಗಿದ ಬಂಧ ಕಂಪಿಸತೊಡಗುತ್ತದೆ. ಆರ್ಗಾನ್‌ಗೆ ಎಲೆಕ್ಟ್ರಾನ್ ಹಿಡಿಯುವ ಜಾಗವಿಲ್ಲ, ಕಂಪಿಸಲು ಬಂಧವೂ ಇಲ್ಲ. ಆದರೂ ಆರ್ಗಾನ್ ಸುಮ್ಮನಿರುವುದಿಲ್ಲ: ಸೋಡಿಯಂನ ಹಳದಿ ಬೆಳಕಿನ ಜೋಡಿ ರೇಖೆಗಳಾದ ಡಿ1, ಡಿ2ರ ಮೇಲಿನ ಮಟ್ಟಗಳನ್ನು ಅದು ಚೆನ್ನಾಗಿ ಬೆರೆಸುತ್ತದೆ. ಡಿ2ರಲ್ಲಿ ಉದ್ರೇಕಿಸಿ ಡಿ1 ಫಿಲ್ಟರ್ ಇಟ್ಟರೆ ಕಾಣುತ್ತದೆ.

ಉತ್ತರ 2:
40 ನ್ಯಾನೊಸೆಕೆಂಡ್‌ಗೆ ಕಾರಣ ವಿಕಿರಣದ ಸೆರೆ. ಸಹಜ ಲೈಫ್‌ಟೈಮ್ 16.2 ನ್ಯಾನೊಸೆಕೆಂಡ್. 150 ಡಿಗ್ರಿಯಲ್ಲಿ ಘನ ಸೆಂಟಿಮೀಟರಿಗೆ ಸುಮಾರು ಇಪ್ಪತ್ತು ಸಾವಿರ ಕೋಟಿ ಪರಮಾಣುಗಳಿರುತ್ತವೆ. ಹೊರಟ ಫೋಟಾನನ್ನು ಪಕ್ಕದ ಪರಮಾಣು ಹೀರಿ ಮತ್ತೆ ಬಿಡುತ್ತದೆ, ಹೀಗಾಗಿ ಬೆಳಕು ತಡವಾಗಿ ಹೊರಬರುತ್ತದೆ. ನೈಟ್ರೋಜನ್ ಸೇರಿಸಿದಷ್ಟೂ ಈ ಮರುಹೀರಿಕೆಯೂ ತಗ್ಗುವುದರಿಂದ ಗೆರೆ ಬಾಗುತ್ತದೆ. ಸೆಲ್ಲನ್ನು 100 ಡಿಗ್ರಿಗೆ ಇಳಿಸಿ, ಕಿರಣವನ್ನು ನೋಡುವ ಕಿಟಕಿಯ ಹತ್ತಿರ ಹಾಯಿಸಿ. ಗೆರೆ ಲಂಬ ಅಕ್ಷವನ್ನು ಸೆಕೆಂಡಿಗೆ 6.2 ಕೋಟಿಯ ಬಳಿ ಮುಟ್ಟಬೇಕು, ಅದಕ್ಕಿಂತ ಕೆಳಗೆ ಮುಟ್ಟಿದರೆ ಸೆರೆ ಇನ್ನೂ ಉಳಿದಿದೆ ಎಂದರ್ಥ. ಕ್ವೆಂಚಿಂಗ್ (ಢಿಕ್ಕಿಯಿಂದ ಬೆಳಕು ನಂದುವ) ದರವನ್ನು ಲೆಕ್ಕ ಹಾಕುವಾಗ ನೈಟ್ರೋಜನ್ ಸಾಂದ್ರತೆಗೆ ಸೆಲ್‌ನ ತಾಪಮಾನವನ್ನೇ ಬಳಸಿ, ಮಾಪಕ ಇರುವ ಕೋಣೆಯದ್ದನ್ನಲ್ಲ.

ಉತ್ತರ 3:
ಬೆಳಕಿನ ತೀವ್ರತೆಯನ್ನು ನಂಬಬೇಡಿ, ಲೈಫ್‌ಟೈಮನ್ನೇ ಅಳೆಯಿರಿ. ನೈಟ್ರೋಜನ್‌ನಲ್ಲಿ ಚೂರು ಆಕ್ಸಿಜನ್ ಇದ್ದರೂ ಸೋಡಿಯಂ ಆಕ್ಸೈಡ್ ಆಗಿ ಆವಿ ಕಡಿಮೆಯಾಗುತ್ತದೆ, ಅದು ಕ್ವೆಂಚಿಂಗ್‌ನಂತೆಯೇ ಕಾಣುತ್ತದೆ.

ಇದೇ ತರ್ಕವನ್ನು ಪಾದರಸಕ್ಕೆ ಹಚ್ಚಬೇಡಿ. ಅದರ 253.7 ನ್ಯಾನೊಮೀಟರ್ ಸ್ಥಿತಿಯನ್ನು ನೈಟ್ರೋಜನ್ ಮೂಲಸ್ಥಿತಿಗೆ ಇಳಿಸುವುದಿಲ್ಲ, 0.22 ಎಲೆಕ್ಟ್ರಾನ್ ವೋಲ್ಟ್ ಕೆಳಗಿನ ದೀರ್ಘಾಯು ಸ್ಥಿತಿಗೆ ದೂಡುತ್ತದೆ. ಹೈಡ್ರೋಜನ್ ಆದರೆ ತಾನೇ ಒಡೆಯುತ್ತದೆ: ಅದರ ಬಂಧಕ್ಕೆ 4.48 ಬೇಕು, ಪಾದರಸದ ಬಳಿ 4.89 ಇದೆ.