ಡೆಬಿಯನ್: ಹೊಸಬರಿಗೆ ಅಪ್‌ಲೋಡ್ ಹಕ್ಕು ಕೊಡೋದು ಯಾವಾಗ?

ಪ್ರಶ್ನೆ
ನಾನು ಡೆಬಿಯನ್ (ಸ್ವಯಂಸೇವಕರು ಕಟ್ಟುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಡೆವಲಪರ್, ಅಂದರೆ ಅದರ ಆರ್ಕೈವ್‌ಗೆ (ಪ್ಯಾಕೇಜುಗಳ ಭಂಡಾರ) ಅಪ್‌ಲೋಡ್ ಮಾಡುವ ಪೂರ್ಣ ಹಕ್ಕು ಇರೋ ಸದಸ್ಯ. ಒಂದು ಸಣ್ಣ ಪೈಥಾನ್ ಲೈಬ್ರರಿಯ ಪ್ಯಾಕೇಜನ್ನು ಹೊಸಬರೊಬ್ಬರು ಸಿದ್ಧ ಮಾಡ್ತಾರೆ. ನಾನು ಡೆಬ್‌ಡಿಫ್ (ಹಳೆ, ಹೊಸ ಪ್ಯಾಕೇಜಿನ ವ್ಯತ್ಯಾಸ) ಓದಿ, ಬಿಲ್ಡ್ ಮಾಡಿ, ನನ್ನ ಕೀಲಿಯಿಂದ ಸಹಿ ಹಾಕಿ ಅಪ್‌ಲೋಡ್ ಮಾಡ್ತೀನಿ. ಈಚೆಗೆ ತಿದ್ದೋಕೆ ಏನೂ ಸಿಗ್ತಿಲ್ಲ. ಆದರೂ ನನ್ನ ಬಿಡುವಿಗಾಗಿ ಅವರ ಕೆಲಸ ವಾರಗಟ್ಟಲೆ ಕಾಯುತ್ತೆ, ಅದು ಅನ್ಯಾಯ. ಅವರು ಈಗ ಡೆಬಿಯನ್ ಮೇಂಟೇನರ್ (ಅನುಮತಿ ಸಿಕ್ಕ ಪ್ಯಾಕೇಜನ್ನು ಮಾತ್ರ ತಾವೇ ಅಪ್‌ಲೋಡ್ ಮಾಡಬಲ್ಲ ದರ್ಜೆ) ಆಗಿದ್ದಾರೆ, ನಾನು ಒಂದು ಕಮಾಂಡ್‌ನಿಂದ ಅನುಮತಿ ಕೊಟ್ಟರೆ ಸಾಕು. ಆದರೆ ಪ್ಯಾಕೇಜಿನ ಇನ್‌ಸ್ಟಾಲ್ ಸ್ಕ್ರಿಪ್ಟ್ ಎಲ್ಲರ ಯಂತ್ರದಲ್ಲೂ ರೂಟ್ ಆಗಿ (ಪೂರ್ಣ ಅಧಿಕಾರದಿಂದ) ಓಡುತ್ತೆ. ಎಕ್ಸ್‌ಝಡ್ ಪ್ರಕರಣ (ಫೈಲ್ ಕುಗ್ಗಿಸುವ ಆ ತಂತ್ರಾಂಶದೊಳಗೆ, ನಂಬಿ ಹಕ್ಕು ಕೊಟ್ಟವನೇ ಹಿಂಬಾಗಿಲು ಅಡಗಿಸಿದ್ದು) ಆದಮೇಲೆ ಆ ಕಮಾಂಡ್ ಕೊಡೋಕೆ ಹಿಂಜರಿಕೆ. ನೀವು ಏನು ನೋಡಿ ನಿರ್ಧರಿಸ್ತೀರಿ?

ಉತ್ತರ 1
ಕೊಡಿ. 2007ರಲ್ಲಿ ಮತ ಹಾಕಿ ಮೇಂಟೇನರ್ ದರ್ಜೆ ತಂದದ್ದೇ ಈ ಕಾಯುವಿಕೆ ತಪ್ಪಲಿ ಅಂತ. ಇಡೀ ಆರ್ಕೈವ್ ಅವರ ಕೈಗೆ ಬರೋದಿಲ್ಲ, ನೀವು ಹೆಸರಿಸಿದ ಪ್ಯಾಕೇಜ್ ಮಾತ್ರ. ಆರ್ಕೈವ್‌ಗೆ ಹೊಚ್ಚ ಹೊಸ ಪ್ಯಾಕೇಜ್ ಸೇರಿಸೋಕೂ ಆಗಲ್ಲ. ಬೇಡ ಅನ್ನಿಸಿದರೆ ಅನುಮತಿ ಕೊಡೋ ಅದೇ ಡಿಕಟ್ ಕಮಾಂಡ್‌ನಿಂದಲೇ ವಾಪಸ್ ತಗೊಳ್ಳಬಹುದು.

ಉತ್ತರ 2
ವಾಪಸ್ ಬರೋದು ಹಕ್ಕು. ಆಗಲೇ ಜನರ ಯಂತ್ರ ಸೇರಿದ ಕೋಡ್ ವಾಪಸ್ ಬರುತ್ತಾ? ಎಕ್ಸ್‌ಝಡ್‌ನಲ್ಲಿ ಹಿಂಬಾಗಿಲು ಇಟ್ಟ ವ್ಯಕ್ತಿ ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿದು ವಿಶ್ವಾಸ ಗಳಿಸಿದ್ದ. ಬೇರೆ ಬೇರೆ ಖಾತೆಗಳು ಬಂದು, ದಣಿದಿದ್ದ ಎಕ್ಸ್‌ಝಡ್‌ನ ಮೂಲ ಮೇಂಟೇನರ್ ಮೇಲೆ ಇನ್ನೊಬ್ಬರಿಗೆ ಬಿಟ್ಟುಕೊಡಿ ಅಂತ ಒತ್ತಡ ಹಾಕಿದ್ದವು. 2024ರ ಮಾರ್ಚ್ 29ರಂದು ಬಯಲಾಗುವ ಹೊತ್ತಿಗೆ ಕೆಟ್ಟ ಆವೃತ್ತಿ ಡೆಬಿಯನ್‌ನ ಮುಂದಿನ ಬಿಡುಗಡೆ ಸಿದ್ಧವಾಗೋ ಶಾಖೆಯಾದ ಟೆಸ್ಟಿಂಗ್‌ವರೆಗೂ ಬಂದಿತ್ತು. ಹಿಂಬಾಗಿಲನ್ನು ಚಾಲೂ ಮಾಡುವ ಸಾಲು ಗಿಟ್‌ನಲ್ಲಿ (ಎಲ್ಲರಿಗೂ ಕಾಣುವ ಕೋಡ್ ಇತಿಹಾಸ) ಇರಲೇ ಇಲ್ಲ, ಬಿಡುಗಡೆಯ ಟಾರ್‌ಬಾಲ್‌ನಲ್ಲಿ (ಕಟ್ಟಿ ಕೊಟ್ಟ ಮೂಲ ಕೋಡ್ ಫೈಲ್) ಮಾತ್ರ ಇತ್ತು. ಯಾರಾದರೂ ಅವಸರ ಮಾಡ್ತಿದ್ದರೆ ಅದೊಂದೇ ಕಾರಣಕ್ಕೆ ನಿಲ್ಲಿಸಿ.

ಉತ್ತರ 3
ಪ್ಯಾಚ್ ಎಷ್ಟು ಚೆನ್ನಾಗಿದೆ ಅನ್ನೋದರ ಮೇಲೆ ನಾನು ಹಕ್ಕು ಕೊಡಲ್ಲ. ಲೈಬ್ರರಿ ಅಂದಮೇಲೆ ಅದನ್ನು ನೆಚ್ಚಿಕೊಂಡ ಪ್ಯಾಕೇಜುಗಳು ಇದ್ದೇ ಇರುತ್ತವೆ. ಅವುಗಳ ಟೆಸ್ಟ್ ಫೇಲ್ ಆದರೆ ಯಾರೂ ಹೇಳದೆ ಇವರೇ ಗಮನಿಸ್ತಾರಾ? ಗಂಭೀರ ಬಗ್ ಬಂದರೆ ಓದಿ ಉತ್ತರ ಕೊಡ್ತಾರಾ? ತಿಳಿಯದಿದ್ದಾಗ ಕೇಳ್ತಾರಾ? ನಾನು ಸ್ಪಾನ್ಸರ್ ಮಾಡ್ತಿದ್ದ (ನಿಮ್ಮ ಹಾಗೆ ಪರಿಶೀಲಿಸಿ ಅಪ್‌ಲೋಡ್ ಮಾಡಿಕೊಡ್ತಿದ್ದ) ಒಬ್ಬರು ಹೊಸ ಆವೃತ್ತಿ ಪೂರ್ತಿ ತಯಾರಿದ್ದಾಗಲೂ, "ಎಪಿಐ (ಬೇರೆ ಪ್ರೋಗ್ರಾಂಗಳು ಲೈಬ್ರರಿಯನ್ನು ಕರೆಯೋ ರೀತಿ) ಬದಲಾಗಿದೆ, ನಾಲ್ಕು ಪ್ಯಾಕೇಜ್ ಮುರಿಯುತ್ತೆ, ಮೊದಲು ಅವರಿಗೆ ತಿಳಿಸ್ತೀನಿ" ಅಂತ ತಾವೇ ತಡೆ ಹಿಡಿದರು. ಅವತ್ತೇ ಅನುಮತಿ ಕೊಟ್ಟೆ.

ಕೊಟ್ಟ ಮೇಲೆ ಕಣ್ಣು ತೆಗೆಯಬೇಡಿ. ಪ್ಯಾಕೇಜ್ ಟ್ರ್ಯಾಕರ್‌ನಲ್ಲಿ ಚಂದಾದಾರರಾಗಿ ಪ್ರತಿ ಅಪ್‌ಲೋಡಿನ ವ್ಯತ್ಯಾಸ ಓದಿ. ಅಪ್‌ಲೋಡ್ ಮೊದಲು ಸೇರೋ ಅನ್‌ಸ್ಟೇಬಲ್ ಶಾಖೆಯಿಂದ ಟೆಸ್ಟಿಂಗ್‌ಗೆ ಹೋಗೋಕೆ ಸಾಮಾನ್ಯವಾಗಿ ಕೆಲವು ದಿನ ಹಿಡಿಯುತ್ತೆ, ಅಷ್ಟರಲ್ಲಿ ಓದಿ ಮುಗಿಸಬಹುದು.

ಪ್ರಶ್ನೆ ಕೇಳಿದವರು
ಎರಡನೇ, ಮೂರನೇ ಉತ್ತರ ಕೊಟ್ಟವರು ಹೇಳಿದ್ದು ನನಗೆ ಬೇಕಿತ್ತು. ನನ್ನ ಹೊಸಬರು ಅವಸರ ಮಾಡಿಲ್ಲ, ಹಕ್ಕು ಬೇಕು ಅಂತ ಒಮ್ಮೆಯೂ ಕೇಳಿಲ್ಲ. ಹಿಂದಿನ ಬಿಡುಗಡೆಯಲ್ಲಿ ಮುರಿದ ಪ್ಯಾಕೇಜೊಂದಕ್ಕೆ ತಾವೇ ಪ್ಯಾಚ್ ಕಳಿಸಿದ್ದರು. ಈ ಒಂದು ಪ್ಯಾಕೇಜಿಗೆ ಅನುಮತಿ ಕೊಡ್ತಿದ್ದೀನಿ. ಇನ್ನು ಮುಂದೆ ಮೂಲವನ್ನು ಟಾರ್‌ಬಾಲ್ ಬದಲು ಸಹಿ ಇರೋ ಗಿಟ್ ಟ್ಯಾಗ್‌ನಿಂದ ತಗೊಳ್ಳೋಣ, ವಾಚ್ ಫೈಲ್ (ಹೊಸ ಆವೃತ್ತಿ ಎಲ್ಲಿಂದ ತರಬೇಕು ಅಂತ ಹೇಳೋ ಫೈಲ್) ಹಾಗೆ ಬದಲಿಸಿ ಅಂತ ಅವರಿಗೆ ಬರೆದಿದ್ದೀನಿ.