ಇಲಿಯಡ್ ಓದುವಾಗ ಹಡಗುಗಳ ಪಟ್ಟಿಯನ್ನು ಬಿಟ್ಟು ಮುಂದೆ ಹೋಗಬಹುದಾ?

ವಿದ್ಯಾ, ಡೊಂಬಿವಲಿ:
ಮಾಟುಂಗಾದಲ್ಲಿ ನಾವೊಂದಷ್ಟು ಕನ್ನಡದವರು ಭಾನುವಾರ ಸಂಜೆ ಸೇರಿ ಗ್ರೀಕ್ ಕವಿ ಹೋಮರನ ಟ್ರಾಯ್ ಯುದ್ಧದ ಕಾವ್ಯ ಇಲಿಯಡ್ ಓದುತ್ತಿದ್ದೇವೆ. ಪುಸ್ತಕ ಇಂಗ್ಲಿಷಿನದು, ಮಾತುಕತೆ ಎಲ್ಲಾ ಕನ್ನಡದಲ್ಲಿ. ಮೊದಲನೇ ಸರ್ಗ ಎಲ್ಲರಿಗೂ ಹಿಡಿಸಿತು. ಗ್ರೀಕರ ದಳಪತಿ ಅಗಮೆಮ್ನಾನ್ ಸರಿಯೋ, ಅವನ ಜೊತೆ ಜಗಳವಾಡಿದ ವೀರ ಅಕಿಲೀಸ್ ಸರಿಯೋ ಅಂತ ನಮ್ಮಲ್ಲೇ ಎರಡು ಪಕ್ಷ ಆದವು. ಎರಡನೇ ಸರ್ಗದ ಅರ್ಧಕ್ಕೆ ಬಂದು ಗಾಡಿ ನಿಂತಿದೆ. ಯಾವ ಊರಿಂದ ಯಾರು ಎಷ್ಟು ಹಡಗು ತಂದರು ಅನ್ನೋ ಪಟ್ಟಿ, ಮುಗಿಯೋದೇ ಇಲ್ಲ. ಲೋಕಲ್ ರೈಲಿನಲ್ಲಿ ನಿಂತು ಓದುವವರಿಗೆ ಈ ಹೆಸರುಗಳು ತಲೆಗೇ ಹತ್ತುತ್ತಿಲ್ಲ. ಇಬ್ಬರು ಬರುವುದನ್ನೇ ಬಿಡುವ ಹಾಗಿದ್ದಾರೆ. ಸೀದಾ ಮೂರನೇ ಸರ್ಗಕ್ಕೆ ಹೋಗೋಣವಾ? ಗುಂಪು ಒಡೆಯಬಾರದು, ನನಗೆ ಅದೇ ಮುಖ್ಯ.

ರಘು, ಮುಲುಂಡ್:
ಬಿಟ್ಟುಬಿಡಿ ಮೇಡಂ. 24 ಸರ್ಗ, 15,000ಕ್ಕೂ ಜಾಸ್ತಿ ಸಾಲು ಇವೆ. ಆರನೇ ಸರ್ಗದಲ್ಲಿ ಟ್ರಾಯ್‌ನ ರಾಜಕುಮಾರ ಹೆಕ್ಟರ್ ತನ್ನ ಮಗುವನ್ನು ಎತ್ತಿಕೊಳ್ಳಲು ಕೈ ಚಾಚುತ್ತಾನೆ. ಅವನ ಶಿರಸ್ತ್ರಾಣದ ಕುದುರೆಕೂದಲಿನ ತುರಾಯಿ ನೋಡಿ ಮಗು ಹೆದರಿ ದಾದಿಯ ಎದೆಗೆ ಅಂಟಿಕೊಳ್ಳುತ್ತದೆ. ಅಪ್ಪ ಅಮ್ಮ ಇಬ್ಬರಿಗೂ ನಗು. ಅವನು ಶಿರಸ್ತ್ರಾಣ ತೆಗೆದು ಕೆಳಗಿಡುತ್ತಾನೆ. ಅಲ್ಲಿಯವರೆಗೆ ಬಂದವರು ಆಮೇಲೆ ಬಿಡಲ್ಲ.

ಶಾರದಾ, ಪುಣೆ:
ರಘು ಅವರೇ, ಆರನೇ ಸರ್ಗದ ಬಗ್ಗೆ ನೀವು ಹೇಳಿದ್ದು ನಿಜ. ಆದರೆ ವಿದ್ಯಾ, ಪಟ್ಟಿ ಬಿಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಈ ಕಾವ್ಯವನ್ನು ಜನ ಕೂತು ಕೇಳುತ್ತಿದ್ದರು. ಕುಮಾರವ್ಯಾಸ ಭಾರತದ ಗಮಕದಲ್ಲಿ ರಾಜರ ಹೆಸರು ಸಾಲಾಗಿ ಬಂದರೆ ನಾವು ಎದ್ದು ಹೋಗುತ್ತೇವಾ? ಇದನ್ನೂ ಹಾಗೇ ಗಟ್ಟಿಯಾಗಿ ಓದಿ. ಒಟ್ಟು 29 ಪಡೆಗಳು. ತಲಾ ಎರಡು ಮೂರು ಹಂಚಿಕೊಳ್ಳಿ.

ನಿರೆಯಸ್ ಅನ್ನೋನು ಬರೀ ಮೂರು ಹಡಗು ತಂದವನು. ಅಕಿಲೀಸನನ್ನು ಬಿಟ್ಟರೆ ಅವನೇ ಚೆಲುವ, ಆದರೆ ಬಲ ಇಲ್ಲ. ಮೂಲದಲ್ಲಿ ಮೂರು ಸಾಲು ಒಂದರ ಹಿಂದೆ ಒಂದು ಅವನ ಹೆಸರಿನಿಂದಲೇ ಶುರುವಾಗುತ್ತವೆ. ಆಮೇಲೆ ಕಾವ್ಯದಲ್ಲಿ ಎಲ್ಲೂ ಅವನ ಸುದ್ದಿ ಇಲ್ಲ.

ಇನ್ನೊಬ್ಬ ಪ್ರೊಟೆಸಿಲಾಸ್. ಹಡಗಿನಿಂದ ಟ್ರಾಯ್ ನೆಲಕ್ಕೆ ಎಲ್ಲರಿಗಿಂತ ಮೊದಲು ಹಾರಿದವನು, ಹಾರುವಾಗಲೇ ಸತ್ತ. ಈಗ ಪಡೆಗೆ ಅವನ ತಮ್ಮ ನಾಯಕ. ಊರಲ್ಲಿ ಹೆಂಡತಿ ಎರಡೂ ಕೆನ್ನೆ ಪರಚಿಕೊಂಡು ಕೂತಿದ್ದಾಳೆ, ಮನೆ ಅರ್ಧ ಕಟ್ಟಿ ನಿಂತಿದೆ. ಇಷ್ಟೆಲ್ಲಾ ನಾಲ್ಕೈದು ಸಾಲಿನಲ್ಲಿ! ಯುದ್ಧದಲ್ಲಿ ಏನು ಹೋಗುತ್ತೆ ಅನ್ನೋದು ನನಗೆ ಗೊತ್ತಾಗಿದ್ದು ಈ ಪಟ್ಟಿಯಿಂದಲೇ.

ವಿದ್ಯಾ, ಡೊಂಬಿವಲಿ:
ಅಕ್ಕ, ಆ ಅರ್ಧ ಮನೆಯ ಸಾಲನ್ನು ನಾನು ಕಣ್ಣಾಡಿಸಿ ದಾಟಿದ್ದೆ ಅನ್ನಿಸುತ್ತೆ. ಈ ಭಾನುವಾರ ಹಂಚಿ ಓದುತ್ತೇವೆ. ಪ್ರೊಟೆಸಿಲಾಸನ ಭಾಗವನ್ನು ಗುಂಪು ಬಿಡುವ ಯೋಚನೆಯಲ್ಲಿರುವವರಿಗೇ ಕೊಡುತ್ತೇನೆ.

ರಘು, ಮುಲುಂಡ್:
ಸರಿ, ಶಾರದಾ ಅವರ ಮಾತೇ ನಡೆಯಲಿ. ಒಂದು ಮಾತ್ರ ಈಗಲೇ ಎಲ್ಲರಿಗೂ ಹೇಳಿಬಿಡಿ ಮೇಡಂ. ಟ್ರಾಯ್ ಒಳಗೆ ನುಗ್ಗಲು ಗ್ರೀಕರು ಅಡಗಿ ಕೂತ ಮರದ ಕುದುರೆಗೆ ಕಾಯುವವರು ಇದ್ದೇ ಇರುತ್ತಾರೆ. ಅದು ಇಲಿಯಡ್‌ನಲ್ಲಿ ಬರಲ್ಲ. ಕಥೆ ಹೆಕ್ಟರನ ಅಂತ್ಯಸಂಸ್ಕಾರಕ್ಕೇ ಮುಗಿಯುತ್ತೆ. ಕುದುರೆಯ ಕಥೆ ಬೇಕಿದ್ದರೆ ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯ ಎಂಟನೇ ಸರ್ಗದಲ್ಲಿ ಕುರುಡ ಗಾಯಕ ಹಾಡುತ್ತಾನೆ.